ಅಡ್ಜೆಕ್ಟಿವ್ ಯಾವುದು, ಅಡ್ವರ್ಬ್ ಯಾವುದು? ಕನ್ನಡದಲ್ಲಿ ಯೋಚಿಸುವವರಿಗೆ ಒಂದು ವಿವರಣೆ

ಪರೀಕ್ಷೆ ಹತ್ತಿರ ಬಂತೆಂದರೆ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ರಾತ್ರಿ ಊಟ ಆದ ಮೇಲೆ ಇಂಗ್ಲಿಷ್ ಗ್ರಾಮರ್ ಪುಸ್ತಕ ಹೊರಬರುತ್ತದೆ. ಗೆರೆ ಎಳೆದ ಪದ ಅಡ್ಜೆಕ್ಟಿವೋ ಅಡ್ವರ್ಬೋ ಎಂದು ಬರೆಯಬೇಕು. ಮಗು ಅಮ್ಮನ ಮುಖ ನೋಡುತ್ತದೆ, ಅಮ್ಮ ಅಪ್ಪನ ಮುಖ ನೋಡುತ್ತಾರೆ.

ಅಪ್ಪ ಅಮ್ಮಂದಿರಿಗೆ ಇದು ಗೊತ್ತಿಲ್ಲದಿದ್ದರೆ ಅದು ಅವರ ತಪ್ಪಲ್ಲ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಕಲಿಸಲು ಶುರು ಮಾಡಿದ್ದು 2007-08ರಲ್ಲಿ. ಅದಕ್ಕೂ ಮುಂಚೆ ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಎಬಿಸಿಡಿ ಸಿಕ್ಕಿದ್ದೇ ಐದನೇ ಕ್ಲಾಸಿನಲ್ಲಿ. ಹತ್ತನೇ ಕ್ಲಾಸ್ ಮುಟ್ಟುವಷ್ಟರಲ್ಲಿ ಪಾಠ ಮುಗಿಸುವುದೇ ದೊಡ್ಡದಾಗಿತ್ತು, ಗ್ರಾಮರ್ ಬಾಯಿಪಾಠವಾಗಿ ಉಳಿಯಿತು. ಈಗ ಮಕ್ಕಳ ಹೋಂವರ್ಕ್‌ನಲ್ಲಿ, ಬ್ಯಾಂಕ್ ಪರೀಕ್ಷೆಯಲ್ಲಿ, ಕೆಲಸದ ಇಂಟರ್‌ವ್ಯೂನಲ್ಲಿ ಅದೇ ಗ್ರಾಮರ್ ಮತ್ತೆ ಎದುರಾಗುತ್ತಿದೆ.

ಹಾಗಾಗಿ ತಳದಿಂದ ನೋಡೋಣ. ಕನ್ನಡ ಚೆನ್ನಾಗಿ ಬರುತ್ತದೆ ಎಂದಾದರೆ ಅರ್ಧ ಕೆಲಸ ಆಗಲೇ ಆಗಿದೆ. ಇನ್ನರ್ಧದಲ್ಲಿ ಕನ್ನಡವೇ ನಮ್ಮನ್ನು ದಾರಿ ತಪ್ಪಿಸುವ ಒಂದು ಜಾಗವಿದೆ. ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಎರಡು ಹೆಸರು, ಎರಡು ಕೆಲಸ

ವ್ಯಕ್ತಿ, ವಸ್ತು, ಜಾಗ, ಭಾವನೆ ಇವುಗಳ ಹೆಸರು ನಾಮಪದ. ಇಂಗ್ಲಿಷ್‌ನಲ್ಲಿ ಅದನ್ನು ನೌನ್ ಅನ್ನುತ್ತಾರೆ. ಮಾಡುವ ಕೆಲಸ ಅಥವಾ ಆಗುವ ಸಂಗತಿಯನ್ನು ಹೇಳುವ ಪದ ಕ್ರಿಯಾಪದ, ಅಂದರೆ ವರ್ಬ್.

ನಾಮಪದ ಎಂಥದ್ದು ಎಂದು ಹೇಳುವ ಪದ ಅಡ್ಜೆಕ್ಟಿವ್. ನಾವು ಶಾಲೆಯಲ್ಲಿ ಗುಣವಾಚಕ ಅಂತ ಕಲಿತದ್ದು ಹೆಚ್ಚು ಕಡಿಮೆ ಇದನ್ನೇ. ಕ್ರಿಯೆ ಹೇಗೆ, ಯಾವಾಗ, ಎಲ್ಲಿ, ಎಷ್ಟು ಸಲ ನಡೆಯಿತು ಎಂದು ಹೇಳುವ ಪದ ಅಡ್ವರ್ಬ್. ಕನ್ನಡದಲ್ಲಿ ಕ್ರಿಯಾವಿಶೇಷಣ.

ಮಳೆಯನ್ನೇ ತೆಗೆದುಕೊಳ್ಳಿ. 'ಹೆವಿ ರೇನ್' ಅಂದರೆ ಜೋರಾದ ಮಳೆ. ಇಲ್ಲಿ 'ಹೆವಿ' ಮಳೆ ಎಂಥದ್ದು ಎಂದು ಹೇಳುತ್ತಿದೆ. ಮಳೆ ನಾಮಪದ, ಆದ್ದರಿಂದ 'ಹೆವಿ' ಅಡ್ಜೆಕ್ಟಿವ್. 'ಇಟ್ ರೇನ್ಡ್ ಹೆವಿಲಿ' ಅಂದರೆ ಮಳೆ ಜೋರಾಗಿ ಸುರಿಯಿತು. ಇಲ್ಲಿ 'ಹೆವಿಲಿ' ಸುರಿದದ್ದು ಹೇಗೆ ಎಂದು ಹೇಳುತ್ತಿದೆ. ಸುರಿಯುವುದು ಕ್ರಿಯೆ, ಆದ್ದರಿಂದ 'ಹೆವಿಲಿ' ಅಡ್ವರ್ಬ್.

ಅಡ್ವರ್ಬ್‌ಗೆ ಇನ್ನೂ ಮೂರು ಕೆಲಸ ಇವೆ, ಇವನ್ನು ತುಂಬ ಜನ ಮರೆಯುತ್ತಾರೆ. ಅದು ಅಡ್ಜೆಕ್ಟಿವ್‌ನ ಪ್ರಮಾಣವನ್ನೂ ಹೇಳುತ್ತದೆ: 'ವೆರಿ ಹೆವಿ ರೇನ್' ಎಂಬುದರಲ್ಲಿ 'ವೆರಿ' ಮಳೆಗೆ ಸೇರಿದ್ದಲ್ಲ, 'ಹೆವಿ'ಗೆ ಸೇರಿದ್ದು. ಇನ್ನೊಂದು ಅಡ್ವರ್ಬ್ ಜೊತೆಗೂ ಅದು ಸೇರುತ್ತದೆ: 'ವೆರಿ ಹೆವಿಲಿ'. ಕೆಲವು ಸಲ ಇಡೀ ವಾಕ್ಯಕ್ಕೇ ತಲೆಬರಹದಂತೆ ನಿಲ್ಲುತ್ತದೆ: 'ಲಕಿಲಿ, ದ ಬಸ್ ವಾಸ್ ಎಂಪ್ಟಿ', ಪುಣ್ಯಕ್ಕೆ ಬಸ್ ಖಾಲಿ ಇತ್ತು.

ಲೆಕ್ಕ ಇಷ್ಟೇ. ನಾಮಪದಕ್ಕೆ ಅಥವಾ 'ಹಿ', 'ಶಿ', 'ಇಟ್' ಥರದ ಸರ್ವನಾಮಕ್ಕೆ ಸೇರಿದ್ದು ಅಡ್ಜೆಕ್ಟಿವ್. ಕ್ರಿಯಾಪದ, ಅಡ್ಜೆಕ್ಟಿವ್, ಇನ್ನೊಂದು ಅಡ್ವರ್ಬ್, ಇಡೀ ವಾಕ್ಯ ಇವುಗಳಲ್ಲಿ ಯಾವುದಕ್ಕೆ ಸೇರಿದರೂ ಅಡ್ವರ್ಬ್.

ನೀವು ಯಾರ ಕಡೆಯವರು?

ಮದುವೆ ಮನೆಯಲ್ಲಿ ಪಕ್ಕದಲ್ಲಿ ಊಟಕ್ಕೆ ಕೂತವರನ್ನು ನಾವು ಕೇಳುವ ಮೊದಲ ಪ್ರಶ್ನೆ ಇದು ತಾನೇ? ಉಟ್ಟ ಸೀರೆ, ತೊಟ್ಟ ಪಂಚೆ ನೋಡಿದರೆ ಹುಡುಗನ ಕಡೆಯೋ ಹುಡುಗಿ ಕಡೆಯೋ ಗೊತ್ತಾಗುವುದಿಲ್ಲ. ಕೇಳಿದರೆ ಒಂದೇ ಮಾತಿನಲ್ಲಿ ಗೊತ್ತಾಗುತ್ತದೆ. ಇಂಗ್ಲಿಷ್ ಪದಕ್ಕೂ ಇದೇ ಪ್ರಶ್ನೆ ಕೇಳಬೇಕು. ಪದದ ರೂಪ ನೋಡಿ ತೀರ್ಮಾನ ಮಾಡಬಾರದು.

ಒಂದು ಉದ್ದ ವಾಕ್ಯ ತೆಗೆದುಕೊಂಡು ಮಾಡಿಯೇ ನೋಡೋಣ.

'ದ ಓಲ್ಡ್ ಕಂಡಕ್ಟರ್ ಪೊಲೈಟ್ಲಿ ಟೋಲ್ಡ್ ದ ವೆರಿ ಟೈರ್ಡ್ ಪ್ಯಾಸೆಂಜರ್ ದಟ್ ದ ಲಾಸ್ಟ್ ಬಸ್ ಟು ಜಯನಗರ ಹ್ಯಾಡ್ ಆಲ್ರೆಡಿ ಲೆಫ್ಟ್.' ಜಯನಗರದ ಕೊನೆಯ ಬಸ್ ಆಗಲೇ ಹೊರಟುಹೋಯಿತು ಎಂದು ವಯಸ್ಸಾದ ಕಂಡಕ್ಟರ್ ತುಂಬ ಸುಸ್ತಾಗಿದ್ದ ಪ್ರಯಾಣಿಕನಿಗೆ ವಿನಯದಿಂದ ಹೇಳಿದರು.

ಮೊದಲು ನಾಮಪದಗಳನ್ನು ಹುಡುಕಿ: ಕಂಡಕ್ಟರ್, ಪ್ಯಾಸೆಂಜರ್, ಬಸ್, ಜಯನಗರ. ಆಮೇಲೆ ಕ್ರಿಯಾಪದಗಳು: 'ಟೋಲ್ಡ್' ಮತ್ತು 'ಹ್ಯಾಡ್ ಲೆಫ್ಟ್'. ಈಗ ಉಳಿದ ಪದಗಳನ್ನು ಒಂದೊಂದಾಗಿ ಕೇಳುತ್ತಾ ಹೋಗಿ. 'ಓಲ್ಡ್' ಯಾರ ಕಡೆ? ಕಂಡಕ್ಟರ್ ಕಡೆ. ನಾಮಪದದ ಕಡೆಯಾದ್ದರಿಂದ ಅಡ್ಜೆಕ್ಟಿವ್. 'ಪೊಲೈಟ್ಲಿ'? ಅದು ಕಂಡಕ್ಟರ್ ಪಕ್ಕದಲ್ಲೇ ಇದೆ, ಆದರೆ ಹೇಳಿದ್ದು ಹೇಗೆ ಎಂದು ತಿಳಿಸುತ್ತಿದೆ. 'ಟೋಲ್ಡ್' ಕಡೆ, ಆದ್ದರಿಂದ ಅಡ್ವರ್ಬ್. ಪಕ್ಕದಲ್ಲಿ ಕೂತ ಮಾತ್ರಕ್ಕೆ ಆ ಕಡೆಯವರು ಎಂದಾಗುವುದಿಲ್ಲ, ನೋಡಿ. 'ಟೈರ್ಡ್' ಪ್ಯಾಸೆಂಜರ್ ಕಡೆ, ಅಡ್ಜೆಕ್ಟಿವ್. 'ವೆರಿ' ಎಷ್ಟು ಸುಸ್ತು ಎಂದು ಹೇಳುತ್ತಿದೆ, ಅಂದರೆ 'ಟೈರ್ಡ್' ಕಡೆ, ಅಡ್ವರ್ಬ್. 'ಲಾಸ್ಟ್' ಬಸ್ ಕಡೆ, ಅಡ್ಜೆಕ್ಟಿವ್. 'ಆಲ್ರೆಡಿ' ಹೊರಟಿದ್ದು ಯಾವಾಗ ಎಂಬುದಕ್ಕೆ ಉತ್ತರ, ಅಡ್ವರ್ಬ್.

ಇನ್ನೊಂದು ಚಿಕ್ಕ ಪರೀಕ್ಷೆಯೂ ಇದೆ. ಅಡ್ವರ್ಬ್ ಅನ್ನು ವಾಕ್ಯದಲ್ಲಿ ಸ್ವಲ್ಪ ಆಚೆ ಈಚೆ ಸರಿಸಿದರೂ ಅರ್ಥ ಉಳಿಯುವುದು ಹೆಚ್ಚು. 'ಶಿ ಸ್ಲೋಲಿ ಓಪನ್ಡ್ ದ ಡೋರ್', 'ಶಿ ಓಪನ್ಡ್ ದ ಡೋರ್ ಸ್ಲೋಲಿ' ಎರಡೂ ಸರಿ. ಅಡ್ಜೆಕ್ಟಿವ್‌ಗೆ ಆ ಸ್ವಾತಂತ್ರ್ಯ ಇಲ್ಲ. 'ಓಲ್ಡ್' ಪದವನ್ನು ಕಂಡಕ್ಟರ್ ಬಿಟ್ಟು ಬಸ್ ಮುಂದೆ ಇಟ್ಟರೆ ಹಳೆಯದಾಗುವುದು ಬಸ್ಸು.

ಇಲ್ಲಿ ಒಂದು ಎಚ್ಚರಿಕೆ: 'ಓನ್ಲಿ' ಅಡ್ವರ್ಬ್ ಆದರೂ ಅದನ್ನು ಸರಿಸಿದರೆ ಅರ್ಥ ಬದಲಾಗಬಹುದು. ಅದು ಯಾವ ಪದದ ಮುಂದೆ ನಿಲ್ಲುತ್ತದೋ ಅದಕ್ಕೆ ಅಂಟಿಕೊಳ್ಳುವ ಸ್ವಭಾವದ್ದು.

ಕೊನೆಯ 'ಲಿ' ನಂಬಬಹುದಾ?

'ಲಿ' ಅಂತ ಮುಗಿದರೆ ಅಡ್ವರ್ಬ್ ಎಂದು ಟ್ಯೂಷನ್‌ಗಳಲ್ಲಿ ಹೇಳಿಕೊಡುತ್ತಾರೆ. ಬಹಳಷ್ಟು ಸಲ ಸರಿಯೂ ಆಗುತ್ತದೆ: ಕ್ವಿಕ್ಲಿ, ಸ್ಲೋಲಿ, ಕೇರ್‌ಫುಲಿ. ಆದರೆ ನಾವು ಕನ್ನಡದಲ್ಲೇ ದಿನಾ ಬಳಸುವ 'ಕಾಸ್ಟ್ಲಿ' ಪದವನ್ನು ನೋಡಿ. ಕಾಸ್ಟ್ಲಿ ಫೋನ್, ಕಾಸ್ಟ್ಲಿ ಮನೆ. ಫೋನ್ ಕಡೆ, ಮನೆ ಕಡೆ. ಅಂದರೆ ಅಡ್ಜೆಕ್ಟಿವ್. ಫ್ರೆಂಡ್ಲಿ, ಲವ್ಲಿ, ಲೋನ್ಲಿ, ಸಿಲ್ಲಿ, ಅಗ್ಲಿ, ಎಲ್ಡರ್ಲಿ ಇವೂ ಅಡ್ಜೆಕ್ಟಿವ್‌ಗಳೇ.

ಹೀಗೇಕೆ? ಸುಮಾರು ಸಾವಿರ ವರ್ಷದ ಹಿಂದಿನ ಇಂಗ್ಲಿಷ್‌ನಲ್ಲಿ ಎರಡು ಬೇರೆ ಬೇರೆ ಪ್ರತ್ಯಯಗಳಿದ್ದವು. 'ಲೀಚ್' ಹಚ್ಚಿದರೆ ಅಡ್ಜೆಕ್ಟಿವ್, 'ಲೀಚೆ' ಹಚ್ಚಿದರೆ ಅಡ್ವರ್ಬ್. ಜನರ ಬಾಯಲ್ಲಿ ಕೊನೆಯ ಸ್ವರ ಸವೆಯಿತು, ಆಮೇಲೆ ಚಕಾರವೂ ಹೋಯಿತು. ಎರಡೂ ಒಂದೇ 'ಲಿ' ಆಗಿ ಉಳಿದವು. ಇವತ್ತಿನ 'ಲೈಕ್', ಅಂದರೆ 'ಹಾಗೆ' ಎಂಬ ಅರ್ಥದ ಪದ, ಇದರದೇ ನೆಂಟ. 'ಫ್ರೆಂಡ್ಲಿ' ಅಂದರೆ ಮೂಲದಲ್ಲಿ ಗೆಳೆಯನ ಹಾಗೆ ಇರುವ ಎಂದರ್ಥ.

ಇದರಿಂದ ಕೆಲಸಕ್ಕೆ ಬರುವ ಒಂದು ಗುರುತು ಸಿಗುತ್ತದೆ. 'ಲಿ' ತೆಗೆದುಬಿಡಿ. ಉಳಿದದ್ದು ನಾಮಪದವಾದರೆ ಸಾಮಾನ್ಯವಾಗಿ ಅಡ್ಜೆಕ್ಟಿವ್: ಫ್ರೆಂಡ್, ಕಾಸ್ಟ್, ಲವ್. ಉಳಿದದ್ದು ಅಡ್ಜೆಕ್ಟಿವ್ ಆದರೆ ಸಾಮಾನ್ಯವಾಗಿ ಅಡ್ವರ್ಬ್: ಕ್ವಿಕ್, ಸ್ಲೋ, ಕೇರ್‌ಫುಲ್. ಎಲ್ಲಾ ಕಡೆ ಇದು ನಡೆಯುವುದಿಲ್ಲ. 'ಡೆಡ್' ಅಡ್ಜೆಕ್ಟಿವ್, ಆದರೆ 'ಡೆಡ್ಲಿ' ಹೆಚ್ಚಾಗಿ ಅಡ್ಜೆಕ್ಟಿವ್ ಆಗಿಯೇ ಬರುತ್ತದೆ. 'ಡೈಲಿ' ಎರಡೂ ಕಡೆ ಇದೆ. ಅನುಮಾನ ಬಂದಾಗ ಮತ್ತೆ ಅದೇ ಪ್ರಶ್ನೆಗೆ ಹೋಗಿ: ಯಾರ ಕಡೆ?

ಇನ್ನು 'ಲಿ' ಇಲ್ಲದ ಅಡ್ವರ್ಬ್‌ಗಳಂತೂ ಬೇಕಾದಷ್ಟಿವೆ. ನೌ, ದೆನ್, ಸೂನ್, ಹಿಯರ್, ದೇರ್, ನೆವರ್, ಆಫನ್, ಆಲ್ವೇಸ್, ವೆರಿ, ಕ್ವೈಟ್. ಅಷ್ಟೇಕೆ, 'ನಾಟ್' ಕೂಡ ಅಡ್ವರ್ಬೇ.

'ಗೋ ಸ್ಲೋ' ಬೋರ್ಡ್ ತಪ್ಪಾ?

ಶಾಲೆ, ಆಸ್ಪತ್ರೆಗಳ ಹತ್ತಿರ 'ಗೋ ಸ್ಲೋ' ಎಂಬ ಬೋರ್ಡ್ ನೋಡಿರುತ್ತೀರಿ. ಗ್ರಾಮರ್ ಓದುತ್ತಿರುವ ಮಕ್ಕಳು ಅದನ್ನು ನೋಡಿ 'ಸ್ಲೋಲಿ' ಆಗಬೇಕಲ್ವಾ ಎಂದು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಆದರೆ ಬೋರ್ಡ್ ಸರಿಯಾಗಿಯೇ ಇದೆ.

ಹಳೆಯ ಇಂಗ್ಲಿಷ್‌ನಲ್ಲಿ ಅಡ್ಜೆಕ್ಟಿವ್‌ಗೆ ಕೊನೆಯಲ್ಲಿ ಒಂದು 'ಎ' ಸ್ವರ ಸೇರಿಸಿಯೂ ಅಡ್ವರ್ಬ್ ಮಾಡುತ್ತಿದ್ದರು. ಕಾಲಕ್ರಮೇಣ ಆ ಸ್ವರ ಬಿದ್ದುಹೋಯಿತು. ಹಾಗಾಗಿ ಅಡ್ಜೆಕ್ಟಿವ್, ಅಡ್ವರ್ಬ್ ಎರಡಕ್ಕೂ ಒಂದೇ ರೂಪ ಉಳಿಯಿತು. 'ಫಾಸ್ಟ್', 'ಹಾರ್ಡ್' ಹೀಗೆ ಬಂದವು. 'ಅ ಫಾಸ್ಟ್ ಟ್ರೈನ್' ಎಂದಾಗ ಅಡ್ಜೆಕ್ಟಿವ್, 'ಹಿ ರನ್ಸ್ ಫಾಸ್ಟ್' ಎಂದಾಗ ಅಡ್ವರ್ಬ್. 'ಫಾಸ್ಟ್ಲಿ' ಎಂಬ ಪದ ಇವತ್ತಿನ ಇಂಗ್ಲಿಷ್‌ನಲ್ಲಿ ಬಳಕೆಯಲ್ಲಿಲ್ಲ. ಅರ್ಲಿ, ಲೇಟ್, ಸ್ಟ್ರೈಟ್, ಹೈ ಇವೂ ಹೀಗೆ ಎರಡೂ ಕಡೆ ನಡೆಯುತ್ತವೆ. 'ಸ್ಲೋ' ಪದಕ್ಕೆ 'ಸ್ಲೋಲಿ' ಎಂಬ ಜೊತೆ ಇದ್ದರೂ ಬೋರ್ಡ್‌ಗಳಲ್ಲಿ, ಆಡುಮಾತಿನಲ್ಲಿ 'ಸ್ಲೋ' ಒಂದೇ ಅಡ್ವರ್ಬ್ ಆಗಿ ನಿಲ್ಲುತ್ತದೆ. ಪರೀಕ್ಷೆಯಲ್ಲಿ ಬರೆಯುವಾಗ ಮಾತ್ರ 'ಸ್ಲೋಲಿ' ಎಂದೇ ಬರೆಯುವುದು ಕ್ಷೇಮ.

ಇಂಟರ್‌ವ್ಯೂಗೆ ಹೋಗುವವರು ಒಂದು ಜೋಡಿಯನ್ನು ಮರೆಯಬಾರದು. 'ಐ ವರ್ಕ್ ಹಾರ್ಡ್' ಅಂದರೆ ಕಷ್ಟಪಟ್ಟು ಕೆಲಸ ಮಾಡುತ್ತೇನೆ. ಅದಕ್ಕೆ 'ಲಿ' ಸೇರಿಸಿ 'ಐ ಹಾರ್ಡ್ಲಿ ವರ್ಕ್' ಅಂದರೆ ಕೆಲಸ ಮಾಡುವುದೇ ಅಪರೂಪ ಎಂದಾಗಿಬಿಡುತ್ತದೆ. 'ಲೇಟ್' ಅಂದರೆ ತಡವಾಗಿ, 'ಲೇಟ್ಲಿ' ಅಂದರೆ ಇತ್ತೀಚೆಗೆ.

ಕನ್ನಡ ಎಲ್ಲಿ ಕೈ ಹಿಡಿಯುತ್ತದೆ

ಕನ್ನಡದಲ್ಲಿ ಈ ಎರಡು ಕೆಲಸಗಳನ್ನು ತುಂಬ ಚೊಕ್ಕವಾಗಿ ಬೇರೆ ಮಾಡುವ ಒಂದು ಜೋಡಿ ಇದೆ: 'ಆದ' ಮತ್ತು 'ಆಗಿ'. ಎರಡೂ 'ಆಗು' ಎಂಬ ಕ್ರಿಯಾಪದದಿಂದಲೇ ಬಂದವು. ಸುಂದರವಾದ ಮನೆ, ಸುಂದರವಾಗಿ ಕಟ್ಟಿದರು. ಜೋರಾದ ದನಿ, ಜೋರಾಗಿ ಕೂಗಿದ. ಸರಿಯಾದ ಉತ್ತರ, ಸರಿಯಾಗಿ ಬರೆದಳು.

'ಆದ' ಬಂದ ಕಡೆ ಇಂಗ್ಲಿಷ್‌ನಲ್ಲಿ ಅಡ್ಜೆಕ್ಟಿವ್: ಬ್ಯೂಟಿಫುಲ್, ಲೌಡ್, ಕರೆಕ್ಟ್. 'ಆಗಿ' ಬಂದು ಅದರ ಮುಂದೆ ಒಂದು ನಿಜವಾದ ಕೆಲಸದ ಮಾತು ಇದ್ದರೆ ಅಡ್ವರ್ಬ್: ಬ್ಯೂಟಿಫುಲಿ, ಲೌಡ್ಲಿ, ಕರೆಕ್ಟ್ಲಿ. ಮೆಲ್ಲಗೆ, ಬೇಗನೆ, ಸುಮ್ನೆ, ಥಟ್ಟನೆ ಇವು ಕೂಡ ಕ್ರಿಯೆಯ ಕಡೆಯವೇ. ವಾಕ್ಯವನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿ ನೋಡಿದರೆ ಎಷ್ಟೋ ಪ್ರಶ್ನೆಗಳಿಗೆ ಉತ್ತರ ತಾನಾಗಿಯೇ ಸಿಗುತ್ತದೆ.

ಎಲ್ಲಿ ಎಡವಿಸುತ್ತದೆ: 'ಚೆನ್ನಾಗಿದೆ'

ಈಗ ಕಷ್ಟದ ಜಾಗಕ್ಕೆ ಬರೋಣ. ಈ ಒಂದು ವಿಷಯ ತಲೆಗೆ ಹೋದರೆ ಉಳಿದದ್ದೆಲ್ಲ ಸುಲಭ.

ಊಟ ಮಾಡುತ್ತಾ 'ಸಾರು ಹೇಗಿದೆ?' ಎಂದು ಅಮ್ಮ ಕೇಳುತ್ತಾರೆ. 'ಚೆನ್ನಾಗಿದೆ' ಅನ್ನುತ್ತೇವೆ. 'ಅವಳು ಹೇಗೆ ಹಾಡ್ತಾಳೆ?' ಎಂದರೆ 'ಚೆನ್ನಾಗಿ ಹಾಡ್ತಾಳೆ' ಅನ್ನುತ್ತೇವೆ. ಎರಡರಲ್ಲೂ ಅದೇ 'ಚೆನ್ನಾಗಿ'. ಕನ್ನಡದ ಕಿವಿಗೆ ಎರಡೂ ಒಂದೇ. ಇಂಗ್ಲಿಷ್‌ಗೆ ಒಂದೇ ಅಲ್ಲ. ಸಾರಿನ ವಾಕ್ಯ 'ಇಟ್ ಈಸ್ ಗುಡ್' ಆಗುತ್ತದೆ, ಅಡ್ಜೆಕ್ಟಿವ್. ಹಾಡಿನ ವಾಕ್ಯ 'ಶಿ ಸಿಂಗ್ಸ್ ವೆಲ್' ಆಗುತ್ತದೆ, ಅಡ್ವರ್ಬ್.

ಕಾರಣ ಹೀಗಿದೆ. ಹಾಡುವುದು ಒಂದು ಕೆಲಸ, 'ವೆಲ್' ಆ ಕೆಲಸದ ರೀತಿಯನ್ನು ಹೇಳುತ್ತದೆ. ಸಾರು ಮಾತ್ರ ಏನೂ ಮಾಡುತ್ತಿಲ್ಲ. 'ಈಸ್' ಎಂಬ ಪದ ಅಲ್ಲಿ ಯಾವ ಕೆಲಸವನ್ನೂ ತೋರಿಸುತ್ತಿಲ್ಲ. ಒಂದು ಕಡೆ ಸಾರು, ಇನ್ನೊಂದು ಕಡೆ ಅದರ ಗುಣ, ಎರಡನ್ನೂ ಜೋಡಿಸಿ ನಿಂತಿದೆ ಅಷ್ಟೇ. ಇಂಥ ಕ್ರಿಯಾಪದಕ್ಕೆ ಲಿಂಕಿಂಗ್ ವರ್ಬ್ ಅನ್ನುತ್ತಾರೆ. ಅದರ ಮುಂದೆ ಬಂದ ಗುಣದ ಪದ ಸೇತುವೆ ದಾಟಿ ಹಿಂದಕ್ಕೆ ಹೋಗಿ ಸಾರನ್ನೇ ಸೇರುತ್ತದೆ. ಸಾರು ನಾಮಪದ, ಆದ್ದರಿಂದ 'ಗುಡ್' ಅಡ್ಜೆಕ್ಟಿವ್.

ಕನ್ನಡದಲ್ಲಿ ಇಂಥ ಕಡೆಗಳಲ್ಲೆಲ್ಲ 'ಆಗಿ' ಬಂದು ಕೂರುತ್ತದೆ. ಅವಳು ಸಂತೋಷವಾಗಿದ್ದಾಳೆ, ಸಾರು ಖಾರವಾಗಿದೆ, ರಸ್ತೆ ಖಾಲಿಯಾಗಿದೆ. ಕಾಫಿ ತಣ್ಣಗಿದೆ ಎಂಬುದೂ ಇದೇ ಗುಂಪಿನದು. ಇಂಗ್ಲಿಷ್‌ನಲ್ಲಿ ಇವೆಲ್ಲ ಅಡ್ಜೆಕ್ಟಿವ್‌ಗಳು: ಹ್ಯಾಪಿ, ಸ್ಪೈಸಿ, ಎಂಪ್ಟಿ, ಕೋಲ್ಡ್. ಹಾಗಾಗಿ 'ಆಗಿ' ಸೂತ್ರಕ್ಕೆ ಒಂದು ಷರತ್ತು ಹಾಕಿಕೊಳ್ಳಿ. 'ಆಗಿ' ಆದ ಮೇಲೆ ಹಾಡು, ಓಡು, ಬರೆ ಥರದ ಕೆಲಸ ಇದ್ದರೆ ಅಡ್ವರ್ಬ್. ಸುಮ್ಮನೆ 'ಇದೆ', 'ಇದ್ದಾನೆ', 'ಇದ್ದಾಳೆ' ಇದ್ದರೆ ಅಡ್ಜೆಕ್ಟಿವ್.

'ಹೇಗೆ ಎಂದು ಕೇಳಿದಾಗ ಸಿಗುವ ಉತ್ತರವೇ ಅಡ್ವರ್ಬ್' ಎಂಬ ಹಳೆಯ ಉಪಾಯ ಕೈಕೊಡುವುದೂ ಇಲ್ಲೇ. ಸಾರು ಹೇಗಿದೆ ಎಂದಾಗ ಸಿಕ್ಕ ಉತ್ತರ ಅಡ್ಜೆಕ್ಟಿವ್ ಆಗಿತ್ತಲ್ಲ. ಕೆಲಸದ ಕ್ರಿಯಾಪದ ಇರುವಲ್ಲಿ ಮಾತ್ರ ಆ ಉಪಾಯ ಬಳಸಿ.

'ಈಸ್' ಒಂದೇ ಲಿಂಕಿಂಗ್ ವರ್ಬ್ ಅಲ್ಲ. ಬಿಕಮ್, ಸೀಮ್, ಲುಕ್, ಫೀಲ್, ಸ್ಮೆಲ್, ಟೇಸ್ಟ್, ಸೌಂಡ್ ಇವೂ ಆ ಕೆಲಸ ಮಾಡುತ್ತವೆ. 'ದ ಕಾಫಿ ಸ್ಮೆಲ್ಸ್ ಗುಡ್' ಎಂಬುದೇ ಸರಿ, ಘಮ ಕಾಫಿಯ ಗುಣ. ಆದರೆ ಇವುಗಳಲ್ಲಿ ಕೆಲವು ನಿಜವಾದ ಕೆಲಸವನ್ನೂ ಮಾಡುತ್ತವೆ. 'ಶಿ ಲುಕ್ಡ್ ಆಂಗ್ರಿ' ಅಂದರೆ ಅವಳು ಕೋಪದಲ್ಲಿದ್ದಂತೆ ಕಂಡಳು, ಅಡ್ಜೆಕ್ಟಿವ್. 'ಶಿ ಲುಕ್ಡ್ ಆಂಗ್ರಿಲಿ ಅಟ್ ದ ಡ್ರೈವರ್' ಅಂದರೆ ಡ್ರೈವರ್ ಕಡೆ ಕೋಪದಿಂದ ನೋಡಿದಳು. ಇಲ್ಲಿ ನೋಡುವುದು ಕೆಲಸ, ಆದ್ದರಿಂದ ಅಡ್ವರ್ಬ್.

ಯಾವುದು ಯಾವುದೆಂದು ತಿಳಿಯಲು ಆ ಕ್ರಿಯಾಪದವನ್ನು ತೆಗೆದು 'ಈಸ್' ಅಥವಾ 'ವಾಸ್' ಹಾಕಿ ನೋಡಿ. 'ದ ಕಾಫಿ ಈಸ್ ಗುಡ್' ಅರ್ಥ ಕೊಡುತ್ತದೆ, 'ಶಿ ವಾಸ್ ಆಂಗ್ರಿ' ಅರ್ಥ ಕೊಡುತ್ತದೆ. 'ಶಿ ವಾಸ್ ಆಂಗ್ರಿಲಿ ಅಟ್ ದ ಡ್ರೈವರ್' ಮುರಿದುಬೀಳುತ್ತದೆ.

ಒಂದು ಅಪವಾದ ಹೇಳಿಬಿಡುತ್ತೇನೆ. 'ಐ ಆಮ್ ವೆಲ್' ಎಂದಾಗ 'ವೆಲ್' ಅಡ್ಜೆಕ್ಟಿವ್. ಅಲ್ಲಿ ಅದರ ಅರ್ಥ ಆರೋಗ್ಯವಾಗಿದ್ದೇನೆ ಎಂದು.

'ಮನೆಗೆ' ಎನ್ನುವಾಗ 'ಟು' ಏಕಿಲ್ಲ?

'ಐ ಆಮ್ ಗೋಯಿಂಗ್ ಟು ಹೋಮ್' ಎಂಬ ವಾಕ್ಯ ನಮ್ಮವರ ಬಾಯಲ್ಲಿ ಜಾಸ್ತಿ. ಶಾಲೆಗೆ, ಆಫೀಸಿಗೆ, ಮನೆಗೆ ಎಂದು ನಾವು ಎಲ್ಲದಕ್ಕೂ 'ಗೆ' ಹಚ್ಚುತ್ತೇವೆ. ಆದ್ದರಿಂದ ಎಲ್ಲದಕ್ಕೂ 'ಟು' ಬಂದುಬಿಡುತ್ತದೆ. 'ಗೋ ಟು ಸ್ಕೂಲ್' ಸರಿ, ಏಕೆಂದರೆ ಅಲ್ಲಿ 'ಸ್ಕೂಲ್' ನಾಮಪದ. 'ಗೋ ಹೋಮ್' ಎಂಬುದರಲ್ಲಿ 'ಹೋಮ್' ಅಡ್ವರ್ಬ್. ಎಲ್ಲಿಗೆ ಎಂಬ ಅರ್ಥ, ಅಂದರೆ ನಮ್ಮ 'ಗೆ', ಅದರೊಳಗೇ ಇದೆ. ಮತ್ತೆ 'ಟು' ಹಾಕಿದರೆ ಮನೆಗೆಗೆ ಎಂದ ಹಾಗೆ. ಹಿಯರ್, ದೇರ್, ಅಬ್ರಾಡ್, ಅಪ್‌ಸ್ಟೇರ್ಸ್ ಇವಕ್ಕೂ ಇದೇ ಕಾರಣಕ್ಕೆ 'ಟು' ಬೇಡ. 'ಕಮ್ ಹಿಯರ್', ಸಾಕು.

ಅದೇ 'ಹೋಮ್' ಪದ 'ಐ ವೆಂಟ್ ಟು ಮೈ ಅಂಕಲ್ಸ್ ಹೋಮ್' ಎಂಬಲ್ಲಿ ನಾಮಪದ. ಯಾರ ಮನೆ ಎಂದು ಮುಂದೆ ಹೇಳಿದ್ದರಿಂದ ಅದು ವಸ್ತುವಿನ ಹೆಸರಾಯಿತು, 'ಟು' ವಾಪಸ್ ಬಂತು.

ಬೋರ್ಡ್, ಬೋರಿಂಗ್, ಸ್ಕೂಲ್ ಬಸ್

ಕ್ರಿಯಾಪದದಿಂದ ಹುಟ್ಟಿ ಅಡ್ಜೆಕ್ಟಿವ್ ಕೆಲಸ ಮಾಡುವ ಪದಗಳೂ ಇವೆ. ಬೇಯಿಸಿದ ಮೊಟ್ಟೆಯಲ್ಲಿ 'ಬೇಯಿಸಿದ' ಇದ್ದ ಹಾಗೆ 'ಬಾಯ್ಲ್ಡ್ ಎಗ್'ನಲ್ಲಿ 'ಬಾಯ್ಲ್ಡ್'. ಇವುಗಳಲ್ಲಿ 'ಇಂಗ್' ರೂಪ ಪರಿಣಾಮ ಮಾಡುವವರಿಗೆ, 'ಡ್' ರೂಪ ಪರಿಣಾಮ ಆದವರಿಗೆ. ಕ್ಲಾಸ್ ಬೋರಿಂಗ್, ಕೂತವರು ಬೋರ್ಡ್, ಅಂದರೆ ಬೇಜಾರಾದವರು. 'ಐ ಆಮ್ ಬೋರಿಂಗ್' ಅಂದರೆ ನನ್ನಿಂದ ಬೇರೆಯವರಿಗೆ ಬೇಜಾರು ಎಂದರ್ಥ.

'ಸ್ಕೂಲ್ ಬಸ್', 'ಮೆಟ್ರೋ ಸ್ಟೇಷನ್' ಇವುಗಳಲ್ಲಿ ಮೊದಲ ಪದ ಅಡ್ಜೆಕ್ಟಿವ್ ಥರ ಕಂಡರೂ ನಾಮಪದವೇ. 'ವೆರಿ ಸ್ಕೂಲ್ ಬಸ್' ಎನ್ನಲಾಗದು, 'ದ ಬಸ್ ಈಸ್ ಸ್ಕೂಲ್' ಎಂದೂ ಹೇಳಲಾಗದು. ಕೆಲವು ಶಾಲಾ ಪುಸ್ತಕಗಳು ಇವನ್ನೂ ಅಡ್ಜೆಕ್ಟಿವ್ ಎಂದೇ ಎಣಿಸುತ್ತವೆ. ಪರೀಕ್ಷೆ ಬರೆಯುವವರು ತಮ್ಮ ಪುಸ್ತಕದ ಲೆಕ್ಕವನ್ನು ನೋಡಿಕೊಳ್ಳಿ.

ಕೈಯಲ್ಲಿ ಹಿಡಿದು ನೋಡಲು ಎರಡು ವಾಕ್ಯ

'ದ ಮ್ಯಾಂಗೋಸ್ ಲುಕ್ ಫ್ರೆಶ್, ಬಟ್ ದೇ ಆರ್ ಟೂ ಕಾಸ್ಟ್ಲಿ.' ಮಾವು ಕಣ್ಣು ಬಿಟ್ಟು ಏನನ್ನೂ ನೋಡುತ್ತಿಲ್ಲ. 'ಲುಕ್' ಇಲ್ಲಿ ಬರೀ ಜೋಡಿಸುವ ಪದ. ಆದ್ದರಿಂದ 'ಫ್ರೆಶ್' ಅಡ್ಜೆಕ್ಟಿವ್. 'ಕಾಸ್ಟ್ಲಿ' ಕೊನೆಯಲ್ಲಿ 'ಲಿ' ಇದ್ದರೂ ಅಡ್ಜೆಕ್ಟಿವ್, 'ದೇ' ಎಂಬ ಸರ್ವನಾಮದ ಕಡೆಯದು. 'ಟೂ' ಎಷ್ಟು ದುಬಾರಿ ಎಂದು ಹೇಳುವ ಅಡ್ವರ್ಬ್. ಇದನ್ನು 'ವೆರಿ' ಬದಲು ಬಳಸುವ ಅಭ್ಯಾಸ ನಮ್ಮಲ್ಲಿದೆ, ಆದರೆ 'ಟೂ' ಅಂದರೆ ಬೇಕಾದ್ದಕ್ಕಿಂತ ಹೆಚ್ಚು, ಕೊಳ್ಳಲು ಆಗದಷ್ಟು ಎಂಬ ಅರ್ಥ.

'ಶಿ ಗಾಟ್ ಅಪ್ ಅರ್ಲಿ ಟು ಕ್ಯಾಚ್ ದ ಅರ್ಲಿ ಟ್ರೈನ್, ಬಟ್ ಶಿ ವಾಸ್ ಸ್ಟಿಲ್ ಲೇಟ್.' ಮೊದಲ 'ಅರ್ಲಿ' ಎದ್ದದ್ದು ಯಾವಾಗ ಎಂದು ಹೇಳುತ್ತದೆ, ಅಡ್ವರ್ಬ್. ಎರಡನೇ 'ಅರ್ಲಿ' ಟ್ರೈನ್ ಕಡೆ, ಅಡ್ಜೆಕ್ಟಿವ್. 'ಸ್ಟಿಲ್' ಅಡ್ವರ್ಬ್. ಕೊನೆಯ 'ಲೇಟ್' 'ವಾಸ್' ದಾಟಿ 'ಶಿ' ಹತ್ತಿರ ಹೋಗುತ್ತದೆ, ಆದ್ದರಿಂದ ಅಡ್ಜೆಕ್ಟಿವ್. ಇದನ್ನೇ 'ಶಿ ಕೇಮ್ ಲೇಟ್' ಎಂದು ಬದಲಿಸಿದರೆ ಬರುವುದು ಕೆಲಸವಾಗುತ್ತದೆ, 'ಲೇಟ್' ಅಡ್ವರ್ಬ್ ಆಗುತ್ತದೆ.